ಇದ್ದಿಲು ಲಾರಿಯ ಗಂಗಣ್ಣ

ನೆಲಮಂಗಲದ ಲಾರಿ ಸ್ಟ್ಯಾಂಡಿನ ನಾಲ್ಕೈದು ಡ್ರೈವರುಗಳು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಎಲ್ಲರೂ ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡವರು. "ತಾತ, ನೀವು ಅಷ್ಟು ವರ್ಷ ಒಂದು ಆಕ್ಸಿಡೆಂಟೂ ಇಲ್ದೆ ಗಾಡಿ ಓಡ್ಸಿದ್ದೀರಂತೆ. ಅದ್ಹೆಂಗೆ ಅಂತ ಒಂಚೂರು ಬರ್ಕೊಡಿ. ನಮಗೂ ಬುದ್ಧಿ ಬರ್ಲಿ," ಎಂದರು. ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಆಕ್ಸಿಡೆಂಟ್ ಆಗಿಲ್ಲ ಎನ್ನುವುದು ದಾಖಲೆಯ ಪ್ರಕಾರ ನಿಜ. ಆ ದಾಖಲೆ ಹೇಗಾಯಿತು ಎನ್ನುವುದನ್ನೇ ಬರೆಯುತ್ತೇನೆ. ಅವರು ಕೇಳಿದ್ದು ಇದಲ್ಲ ಎಂದು ಗೊತ್ತು.

ನಾನು ಸ್ಟೀರಿಂಗ್ ಹಿಡಿದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬೆಂಗಳೂರು ತರಗುಪೇಟೆಯಿಂದ ತುಮಕೂರಿಗೆ, ತುಮಕೂರಿನಿಂದ ತರಗುಪೇಟೆಗೆ ಸರಕು ಸಾಗಿಸುವ ಕೆಲಸ. ಹೋಗುವಾಗ ಸಕ್ಕರೆ, ಬಟ್ಟೆ ಬೇಲು, ಬೆಂಕಿಪೊಟ್ಟಣ. ಬರುವಾಗ ಕೊಬ್ಬರಿ, ಹುಣಸೆಹಣ್ಣು, ಕಡಲೆಕಾಯಿ. ಈಗ ನೀವು ತಿಂಡಿ ತಿಂದು ಹೊರಟು ಊಟಕ್ಕೆ ಮುಂಚೆ ಮುಟ್ಟುವ ದಾರಿ ಆಗ ನಮ್ಮ ಇಡೀ ಹಗಲನ್ನು ತಿನ್ನುತ್ತಿತ್ತು. ದೂರದಿಂದಲ್ಲ, ಲಾರಿಯ ದೆಸೆಯಿಂದ.

ಪೆಟ್ರೋಲೆಲ್ಲ ಮಿಲಿಟರಿಗೆ ಹೋಗುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಇದ್ದಿಲು. ಡ್ರೈವರ್ ಕೂರುವ ಗೂಡಿನ ಹಿಂದೆ, ಎಡಮಗ್ಗುಲಿಗೆ, ಆಳೆತ್ತರದ ಕಬ್ಬಿಣದ ಡ್ರಮ್ಮು ಕೂರಿಸಿದ್ದರು. ಅದಕ್ಕೆ ಇದ್ದಿಲು ತುಂಬಿ, ಕೆಳಗಿನ ಕಂಡಿಯಲ್ಲಿ ಎಣ್ಣೆ ಬಟ್ಟೆಯಿಂದ ಬೆಂಕಿ ಕೊಟ್ಟು, ಗಾಳಿಯಂತ್ರದ ಹಿಡಿಯನ್ನು ಕೈ ಸೋಲುವವರೆಗೆ ತಿರುಗಿಸಬೇಕು. ಸ್ವಲ್ಪ ಹೊತ್ತಿಗೆ ಗ್ಯಾಸು ಹುಟ್ಟುತ್ತದೆ. ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ ನೀಲಿ ಉರಿ ಬರಬೇಕು. ಕೆಂಪಗೆ ಹೊಗೆ ಕಾರಿದರೆ ಮತ್ತೆ ತಿರುಗಿಸು. ಆ ಗ್ಯಾಸಿನಲ್ಲಿ ಇಂಜಿನ್ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದೂ ದೊಡ್ಡ ಮಾತೇ. ಸಮತಟ್ಟಿನಲ್ಲಿ ಓಡುತ್ತಿತ್ತು, ಏರಿನಲ್ಲಿ ನಿಲ್ಲುತ್ತಿತ್ತು. ನಿಂತಾಗ ಇಳಿದು ಬೂದಿ ಕೆದಕಬೇಕು, ಜಾಲರಿ ಒದರಬೇಕು. ಇದ್ದಿಲಿಗೆ ಒಂದು ಹನಿ ನೀರು ಬಿದ್ದಿದ್ದರೂ ಕೊಳವೆಯೊಳಗೆ ಟಾರು ಕಟ್ಟಿಕೊಳ್ಳುತ್ತಿತ್ತು, ಎಲ್ಲವನ್ನೂ ಬಿಚ್ಚಬೇಕು. ಶಿವಗಂಗೆಗೆ ಹೋಗುವ ಯಾತ್ರಿಕರು ದಾರಿಯಲ್ಲಿ ಕೈ ಅಡ್ಡ ಹಿಡಿದು ಮೂಟೆಗಳ ಮೇಲೆ ಹತ್ತಿಕೊಳ್ಳುತ್ತಿದ್ದರು. ದಾಬಸ್‌ಪೇಟೆಯ ಏರು ಬಂದ ತಕ್ಷಣ ಅವರನ್ನೆಲ್ಲ ಇಳಿಸಿ ಲಾರಿ ತಳ್ಳಿಸುತ್ತಿದ್ದೆವು. ಒಮ್ಮೆ ಮಡಿಯುಟ್ಟ ಮುದುಕರೊಬ್ಬರು ತಳ್ಳಿ ತಳ್ಳಿ, "ನಡ್ಕೊಂಡೇ ಹೋಗಿದ್ರೆ ಇಷ್ಟೊತ್ತಿಗೆ ದೇವ್ರ ಮುಂದೆ ನಿಂತಿರ್ತಿದ್ದೆ ಕಣಯ್ಯ," ಎಂದು ನನ್ನ ಮುಖಕ್ಕೇ ಹೇಳಿ, ಪಂಚೆಗೆ ಮೆತ್ತಿದ ಮಸಿ ನೋಡಿಕೊಂಡು ನಡೆದೇ ಹೋದರು.

ಈ ಡ್ರಮ್ಮನ್ನು ನೋಡಿಕೊಳ್ಳಲೆಂದೇ ಲಾರಿಯ ಯಜಮಾನರು ಒಬ್ಬ ಕ್ಲೀನರನ್ನು ಕೊಟ್ಟಿದ್ದರು. ಹೆಸರು ಗಂಗಯ್ಯ. ಶಿವಗಂಗೆ ಬೆಟ್ಟದ ಬುಡದ ಹಳ್ಳಿಯವನು. ವಯಸ್ಸು ಐವತ್ತು ದಾಟಿತ್ತು, ನನಗೆ ಆಗ ಇಪ್ಪತ್ತಾರು. ನಾನು ಗಂಗಣ್ಣ ಎನ್ನುತ್ತಿದ್ದೆ.

ಗಂಗಣ್ಣ ಒಂದು ಕಾಲಕ್ಕೆ ಇದೇ ದಾರಿಯಲ್ಲಿ ಸ್ವಂತ ಜೋಡೆತ್ತಿನ ಗಾಡಿ ಹೊಡೆದವನು. ತುಮಕೂರಿನ ಮಂಡಿಯಿಂದ ಕೊಬ್ಬರಿ ಹೇರಿಕೊಂಡು ಮೂರು ದಿನಕ್ಕೆ ಬೆಂಗಳೂರು ಸೇರಿಸುತ್ತಿದ್ದನಂತೆ. ಲಾರಿಗಳು ಬಂದ ಮೇಲೆ ಮಂಡಿಯವರು ಗಾಡಿಗಳಿಗೆ ಸರಕು ಕೊಡುವುದನ್ನು ನಿಲ್ಲಿಸಿದರು. ಎತ್ತು ಮಾರಿದ. ಗಾಡಿಯ ಕಬ್ಬಿಣ ಬಿಚ್ಚಿ ಮಾರಿದ. ಆಮೇಲೆ ತನ್ನ ಅನ್ನ ಕಸಿದ ಲಾರಿಗೇ ಕ್ಲೀನರಾಗಿ ಸೇರಿಕೊಂಡ.

"ಬೇಜಾರಾಗಲ್ವಾ ಗಂಗಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಬೇಜಾರು ಮಾಡ್ಕೊಂಡ್ರೆ ಎತ್ತು ವಾಪಸ್ ಬರ್ತಾವಾ?" ಎಂದ. "ಎತ್ತಿಗಾದ್ರೆ ಸುಸ್ತಾದ್ರೆ ಗೊತ್ತಾಗ್ತಿತ್ತು ನಂಜಪ್ಪ. ಈ ಮುಂಡೇದು ಯಾಕ್ ನಿಂತ್ಕೊಳುತ್ತೋ ಬ್ರಹ್ಮಂಗೂ ಗೊತ್ತಾಗಲ್ಲ."

ದಾರಿಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಸೇತುವೆಯ ಕಲ್ಲು ಸಡಿಲ, ಹೇಳಿಬಿಡುತ್ತಿದ್ದ. ನನಗೆ ಡ್ರೈವಿಂಗ್ ಕಲಿಸಿದವರು ಬೇರೆ ಇರಬಹುದು. ದಾರಿ ಕಲಿಸಿದವನು ಅವನೇ. ಕುಡಿತವಿಲ್ಲ, ಬೀಡಿಯೂ ಇಲ್ಲ. ಒಬ್ಬಳೇ ಮಗಳು, ಪುಟ್ಟಲಕ್ಷ್ಮಿ. ಅವಳ ಮದುವೆಯ ವಿಚಾರ ಬಿಟ್ಟರೆ ಬೇರೆ ಯಾವ ಮಾತಿಗೂ ಅವನ ದನಿ ಏರುತ್ತಿರಲಿಲ್ಲ.

ನನ್ನ ದೊಡ್ಡ ತಪ್ಪನ್ನು ಹೇಳುವ ಮೊದಲು ಚಿಕ್ಕದನ್ನು ಹೇಳಬೇಕು. ಅದರಿಂದಲೇ ದೊಡ್ಡದು ಬಂದದ್ದು.

ಒಂದು ದಿನ ರೇಷನ್ ಅಂಗಡಿಗಳಿಗೆ ಹೋಗಬೇಕಾದ ಸಕ್ಕರೆ ಮೂಟೆ ಹೇರಿಕೊಂಡು ತುಮಕೂರಿಗೆ ಹೊರಟಿದ್ದೆವು. ಮೋಡ ಕಟ್ಟಿತ್ತು. ಟಾರ್ಪಾಲನ್ನು ಬಿಗಿಯಾಗಿ ಕಟ್ಟಿಸದೆ, ಮಳೆ ಬರುವಷ್ಟರಲ್ಲಿ ಕ್ಯಾತ್ಸಂದ್ರ ದಾಟಿಬಿಡಬಹುದು ಎಂದು ಗಾಡಿ ಎಳೆದೆ. ದಾಟಲಾಗಲಿಲ್ಲ. ಮೂಲೆಯಿಂದ ನೀರು ನುಗ್ಗಿತು. ತುಮಕೂರು ಸೇರುವ ಹೊತ್ತಿಗೆ ಲಾರಿಯ ಹಲಗೆಗಳಿಂದ ಪಾಕ ಸೋರುತ್ತಿತ್ತು. ದಾರಿಯುದ್ದಕ್ಕೂ ನೊಣ. ಊರಿನಲ್ಲಿ ತಿಂಗಳುಗಟ್ಟಲೆ ಸಕ್ಕರೆ ಕಾಣದ ಜನ ಪಾತ್ರೆ ಹಿಡಿದುಕೊಂಡು ಲಾರಿಯ ಕೆಳಗೆ ಕೂತರು.

ಯಜಮಾನರು ಮರುದಿನ ತರಗುಪೇಟೆಯ ಆಫೀಸಿನ ಮುಂದೆ ಹಮಾಲರು, ಗುಮಾಸ್ತರು, ಬೇರೆ ಡ್ರೈವರುಗಳು ಎಲ್ಲರ ಎದುರಿಗೆ ನನ್ನನ್ನು ನಿಲ್ಲಿಸಿಕೊಂಡರು. ಅವರು ಕೂಗಾಡುವವರಲ್ಲ. ಮೆತ್ತಗೆ ಮಾತಾಡುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು.

"ಏನಪ್ಪಾ ನಂಜಪ್ಪ, ನಿನ್ ತಲೆ ಮೇಲೆ ಮಳೆ ಬಿದ್ರೆ ಒರಸ್ಕೋಬೋದು. ಸಕ್ಕರೆ ಒರಸಕ್ಕಾಗುತ್ತಾ? ಇನ್ನೊಂದ್ಸಲ ಹಿಂಗಾದ್ರೆ ದನ ಕಾಯೋಕೆ ಊರಿಗೆ ಹೋಗು."

ಎಲ್ಲರೂ ನಕ್ಕರು. ನನಗೆ ಮದುವೆಯಾಗಿ ವರ್ಷವಾಗಿತ್ತು, ಹೆಂಡತಿ ಬಸುರಿ. ಊರಿನಲ್ಲಿ ಕಾಯಲು ದನವೂ ಇರಲಿಲ್ಲ. ಅಂದಿನಿಂದ ಮೋಡ ಕಂಡರೆ ಲಾರಿ ನಿಲ್ಲಿಸಿ ಟಾರ್ಪಾಲಿನ ಹಗ್ಗವನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದೆ.

ಆ ದಿನಗಳಲ್ಲೇ ಡ್ರಮ್ಮಿನ ಮುಚ್ಚಳ ಕೆಟ್ಟಿತು. ಮುಚ್ಚಳದ ಅಂಚಿಗೆ ಗ್ಯಾಸು ಸೋರದಂತೆ, ಬೆಂಕಿಯ ಕಾವು ತಾಳುವ ಕಲ್ನಾರಿನ ಹಗ್ಗವೊಂದನ್ನು ಸುತ್ತಿರುತ್ತಾರೆ. ಅದು ಸವೆದು ಉದುರಿಹೋಗಿತ್ತು. ಆಮೇಲೆ ಗಂಗಣ್ಣನಿಗೆ ಪದೇ ಪದೇ ತಲೆನೋವು, ವಾಂತಿ ಬರತೊಡಗಿದವು. ಮೊದಮೊದಲು ಪಿತ್ತವೆಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಸಿದೆ. ಒಂದು ದಿನ ತುಮಕೂರಿನ ಮಂಡಿಯ ಮುಂದೆ ಲಾರಿಯಿಂದ ಇಳಿಯುತ್ತಲೇ ಕುಸಿದು ಬಿದ್ದ. ನೀರು ಚಿಮುಕಿಸಿ, ಗಾಳಿಗೆ ಕೂರಿಸಿದ ಮೇಲೆ ಎಚ್ಚರವಾಯಿತು. ಅಲ್ಲಿದ್ದ ಹಳೆಯ ಡ್ರೈವರೊಬ್ಬರು, "ಇದು ಪಿತ್ತ ಅಲ್ಲ ಕಣಯ್ಯ, ಗ್ಯಾಸ್ ಹೊಡೆದಿರೋದು. ಅದಕ್ಕೆ ವಾಸ್ನೆ ಇರಲ್ಲ. ಮುಚ್ಳ ರಿಪೇರಿ ಮಾಡ್ಸು," ಎಂದರು.

ಯಜಮಾನರಿಗೆ ಹೇಳಿದೆ. ಒಂದಲ್ಲ, ಎರಡು ಸಲ ಹೇಳಿದೆ. "ಯುದ್ಧದ ಕಾಲ್ದಲ್ಲಿ ಕಲ್ನಾರು ಎಲ್ಲಿಂದ ತರ್ಲಿ? ಜೇಡಿಮಣ್ಣು ಕಲಸಿ ಮೆತ್ತಿ," ಎಂದರು. ಗಂಗಣ್ಣ ದಿನವೂ ಬೆಳಿಗ್ಗೆ ಜೇಡಿಮಣ್ಣು ಕಲಸಿ ಮೆತ್ತುತ್ತಿದ್ದ. ಡ್ರಮ್ಮು ಕಾದಂತೆ ಮಣ್ಣು ಬಿರುಕು ಬಿಡುತ್ತಿತ್ತು. ಲಾರಿ ಓಡುವಾಗ ಗಾಳಿಗೆ ಗ್ಯಾಸು ಹಾರಿಹೋಗುತ್ತದೆ, ಏನೂ ಆಗುವುದಿಲ್ಲ ಎಂದು ನಾವೇ ಧೈರ್ಯ ಹೇಳಿಕೊಂಡೆವು.

ಯಜಮಾನರ ಇನ್ನೊಂದು ಕಟ್ಟಪ್ಪಣೆ ಇತ್ತು. ದಾರಿಯಲ್ಲಿ ಎಲ್ಲಿ ನಿಂತರೂ ಡ್ರಮ್ಮಿನ ಬೆಂಕಿ ಆರಿಸಕೂಡದು. ಆರಿಸಿದರೆ ಮತ್ತೆ ಹೊತ್ತಿಸಲು ಇದ್ದಿಲು ದಂಡ, ಹೊತ್ತು ದಂಡ.

ಅದು ಹಸ್ತ ಮಳೆಯ ಕಾಲ. ಮತ್ತೆ ಸಕ್ಕರೆ ಲೋಡು. ಮಧ್ಯಾಹ್ನದ ಹೊತ್ತಿಗೆ ನೆಲಮಂಗಲದ ಚೆಕ್‌ಪೋಸ್ಟಿಗೆ ಬಂದೆವು. ದವಸ, ಸಕ್ಕರೆ ಯಾವುದು ಸಾಗಬೇಕಾದರೂ ಪರ್ಮಿಟ್ ತೋರಿಸಿ ಮೊಹರು ಹಾಕಿಸಿಕೊಳ್ಳಬೇಕಿತ್ತು. ನಮಗಿಂತ ಮುಂದೆ ಐದಾರು ಲಾರಿ ನಿಂತಿದ್ದವು. ಮೊಹರು ಹಾಕುವ ಸಾಹೇಬರು ಊಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಆಕಾಶ ಹರಿದುಕೊಂಡು ಬಿದ್ದಂತೆ ಮಳೆ ಶುರುವಾಯಿತು.

ಗಂಗಣ್ಣ ಮೂಟೆಗಳ ಮೇಲಿಂದ ಕೆಳಗಿಳಿದು ನನ್ನ ಪಕ್ಕ ಬಂದು ಕೂರಲು ಹೊರಟಿದ್ದ. ನಾನು ತಡೆದೆ. ಟಾರ್ಪಾಲು ಡ್ರಮ್ಮಿನ ಕಡೆಯ ಮೂಲೆಯಲ್ಲಿ ಹರಿದಿತ್ತು. ಗಾಳಿಗೆ ಅದು ಎದ್ದರೆ ನೀರು ನೇರವಾಗಿ ಮೂಟೆಗೆ.

"ಗಂಗಣ್ಣ, ನೀನು ಒಳಗೇ ಕೂತ್ಕೊಂಡು ಆ ಮೂಲೆ ಹಿಡ್ಕೋ. ಎಲ್ಲಾ ಕಡೆ ಬಿಗಿಯಾಗಿ ಎಳ್ಕೊಂಬಿಡು. ಒಂದು ಹನಿ ಒಳಗೆ ಬರ್ಕೂಡ್ದು."

"ತಲೆ ಯಾಕೋ ಬೆಳಗಿಂದ ಹಿಡ್ಕೊಂಡದೆ ಕಣಪ್ಪ," ಎಂದ.

"ಒಂದರ್ಧ ಗಂಟೆ. ಮೊಹರು ಹಾಕ್ಸ್ಕೊಂಡು ಬಂದ್ಬಿಡ್ತೀನಿ."

ಅವನು ಹಿಂದಕ್ಕೆ ಸರಿದ. ಮೂಟೆಗಳ ನಡುವೆ ಡ್ರಮ್ಮಿಗೆ ಒತ್ತಿದಂತಿದ್ದ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಟಾರ್ಪಾಲನ್ನು ತಲೆಯ ಮೇಲಿಂದ ಎಳೆದುಕೊಂಡ. ಹೊರಗಿನಿಂದ ನಾನೇ ಹಗ್ಗ ಬಿಗಿದೆ. ಡ್ರಮ್ಮಿನೊಳಗೆ ಬೆಂಕಿ ಜೀವಂತವಿತ್ತು. ಮುಚ್ಚಳದ ಮಣ್ಣು ಬಿರುಕು ಬಿಟ್ಟಿತ್ತೋ ಇಲ್ಲವೋ ನೋಡಲಿಲ್ಲ. ನೋಡಬೇಕು ಎನ್ನಿಸಲೇ ಇಲ್ಲ. ನನ್ನ ತಲೆಯಲ್ಲಿದ್ದದ್ದು ಸಕ್ಕರೆ ಮಾತ್ರ.

ಅರ್ಧ ಗಂಟೆ ಎರಡು ಗಂಟೆಯಾಯಿತು. ಸಾಹೇಬರು ಮಳೆ ನಿಲ್ಲಲಿ ಎಂದು ಮನೆಯಲ್ಲೇ ಉಳಿದರು. ನಾನು ಎದುರಿನ ಹೋಟೆಲಿನಲ್ಲಿ ಬೇರೆ ಡ್ರೈವರುಗಳ ಜೊತೆ ಕಾಫಿ ಕುಡಿಯುತ್ತ ಕೂತೆ. ಗಂಗಣ್ಣನಿಗೂ ಒಂದು ಲೋಟ ಕಳಿಸೋಣ ಎನ್ನಿಸಿತ್ತು. ಟಾರ್ಪಾಲು ಬಿಚ್ಚಿದರೆ ನೀರು ಹೋಗುತ್ತದೆ ಎಂದು ಸುಮ್ಮನಾದೆ.

ಮೊಹರು ಬಿದ್ದ ಮೇಲೆ ಬಂದು ಕೂಗಿದೆ. ಉತ್ತರ ಬರಲಿಲ್ಲ. ಹಗ್ಗ ಬಿಚ್ಚಿ ಎತ್ತಿದೆ. ಅವನು ಮೂಟೆಗೆ ಒರಗಿಕೊಂಡು ಕೂತೇ ಇದ್ದ. ಕೆನ್ನೆಗಳು ಆರೋಗ್ಯವಂತರ ಕೆನ್ನೆಯಂತೆ ಕೆಂಪಗಿದ್ದವು. ನಿದ್ದೆ ಎಂದುಕೊಂಡು ಭುಜ ಅಲ್ಲಾಡಿಸಿದೆ. ತಲೆ ಪಕ್ಕಕ್ಕೆ ಬಿತ್ತು. ಟಾರ್ಪಾಲಿನ ಮೂಲೆ ಮುಷ್ಟಿಯಲ್ಲೇ ಇತ್ತು. ಒಂದೇ ಒಂದು ಮೂಟೆಯೂ ನೆನೆದಿರಲಿಲ್ಲ.

ಇಬ್ಬರು ಡ್ರೈವರುಗಳು ಸೇರಿ ಕೆಳಗಿಳಿಸಿದರು. ಮಳೆಯಲ್ಲೇ ಮಲಗಿಸಿ ಎದೆ ಉಜ್ಜಿದೆವು, ಅಂಗಾಲು ತಿಕ್ಕಿದೆವು. ಏನೂ ಆಗಲಿಲ್ಲ.

ಟೆಲಿಫೋನಿನಲ್ಲಿ ಸುದ್ದಿ ಹೋದ ಮೇಲೆ ಯಜಮಾನರು ಬಾಡಿಗೆ ಕಾರಿನಲ್ಲಿ ಸಂಜೆಯೊಳಗೆ ಬಂದರು. ಪೊಲೀಸ್ ಸ್ಟೇಷನ್ನಿನ ಜಗಲಿಯ ಒಂದು ಕಡೆಗೆ ನನ್ನನ್ನು ಕರೆದುಕೊಂಡು ಹೋದರು. ಆಗಲೂ ಮೆತ್ತಗಿನ ದನಿಯೇ.

"ಅವನ್ನ ಒಳಗೆ ಕೂರಿಸಿದ್ದು ಯಾರು?"

"ನಾನೇ ಯಜಮಾನ್ರೇ. ಆದ್ರೆ ಮುಚ್ಳದ ವಿಷ್ಯ ನಿಮ್ಗೆ ಎರಡ್ಸಲ..."

"ಹಗ್ಗ ಕಟ್ಟಿದ್ದು?"

"ನಾನೇ."

"ಹಂಗಾದ್ರೆ ಜೈಲಿಗೆ ಹೋಗೋನು ನೀನೇ. ಲೈಸೆನ್ಸೂ ಹೋಗುತ್ತೆ. ನಾನು ಮುಚ್ಳಕ್ಕೆ ದಂಡ ಕಟ್ಟಿ ಮನೇಗೆ ಹೋಗ್ತೀನಿ. ಹೆಂಡ್ತಿ ಬಸುರಿ ಅಂತಿದ್ಯಲ್ಲ?" ನನ್ನ ಹೆಗಲ ಮೇಲೆ ಕೈಯಿಟ್ಟರು. "ಅವತ್ತು ತುಮಕೂರಲ್ಲಿ ಮಂಡಿ ಮುಂದೆ ಬಿದ್ದಿದ್ನಲ್ಲ ಗಂಗಯ್ಯ. ಹತ್ತು ಜನ ನೋಡಿದಾರೆ. ಅದು ಮೂರ್ಛೆ ರೋಗ ಅಲ್ದೆ ಇನ್ನೇನು?"

"ಅದು ಗ್ಯಾಸ್ ಹೊಡ್ದು..."

"ಮೂರ್ಛೆ ಅಂತ ಬರೆಸಿದ್ರೆ ಯಾರಿಗೇನು ನಷ್ಟ ನಂಜಪ್ಪ? ಸತ್ತೋನಿಗೆ ಇನ್ಮೇಲೆ ಕಾಯಿಲೆ ಅಂಟ್ಕೊಳುತ್ತಾ?"

ಡಾಕ್ಟರು ಊರಿನಲ್ಲಿರಲಿಲ್ಲ. ಹೆಣವನ್ನು ಬೆಂಗಳೂರಿಗೆ ಸಾಗಿಸುವ ತಾಪತ್ರಯ ಸ್ಟೇಷನ್ನಿನವರಿಗೂ ಬೇಡವಾಗಿತ್ತು. ಮಹಜರು ಬರೆದರು. ಗಂಗಯ್ಯನಿಗೆ ಮೊದಲಿನಿಂದ ಮೂರ್ಛೆ ರೋಗವಿತ್ತು, ಹಿಂದೆಯೂ ಒಮ್ಮೆ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಈ ದಿನ ನನಗೆ ತಿಳಿಸದೆ ಲೋಡಿನೊಳಗೆ ಮಲಗಿದ್ದಾಗ ಮೂರ್ಛೆ ಬಂದು ಸತ್ತಿರುತ್ತಾನೆ, ಲಾರಿಯಲ್ಲಿ ಯಾವ ದೋಷವೂ ಇರಲಿಲ್ಲ. ಇದು ನನ್ನ ಹೇಳಿಕೆ. ಓದಿ ಹೇಳಿದರು. ಲೋಯರ್ ಸೆಕೆಂಡರಿ ಓದಿದವನು ನಾನು. ಹೆಬ್ಬೆಟ್ಟಲ್ಲ, ದುಂಡಗೆ ಸಹಿ ಹಾಕಿದೆ.

ಹೆಣವನ್ನು ಊರಿಗೆ ಕೊಂಡೊಯ್ದವನೂ ನಾನೇ. ಅವನ ಹೆಂಡತಿ ಹೊನ್ನಮ್ಮ ಅತ್ತು ಅತ್ತು ಸುಸ್ತಾದ ಮೇಲೆ, "ಮೂರ್ಛೆ ಅಂತಾರಲ್ಲಪ್ಪ. ನಮ್ಮೋರ್ಗೆ ಅಂಥದ್ದು ಯಾವತ್ತೂ ಇರ್ಲಿಲ್ವಲ್ಲ," ಎಂದಳು. "ನಂಗೊತ್ತಿಲ್ಲ ಹೊನ್ನಕ್ಕ, ಸ್ಟೇಷನ್ನಿನವ್ರು ಹಂಗೆ ಬರ್ಕೊಂಡ್ರು," ಎಂದೆ. ಮುಚ್ಚಳಕ್ಕೆ ಹೊಸ ಹಗ್ಗ ಮರುವಾರವೇ ಬಂತು. ಎಲ್ಲಿಂದ ಬಂತೋ, ನಾನು ಕೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನ್ನಂಥ ಹೇಡಿಗಳು ಎಲ್ಲ ಕೆಲಸದಲ್ಲೂ ಇದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ.

ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಹೊನ್ನಮ್ಮ ದಾಬಸ್‌ಪೇಟೆಯ ದಾರಿಯಲ್ಲಿ ನನ್ನ ಲಾರಿಗೆ ಅಡ್ಡ ನಿಂತಳು. ತ್ಯಾಮಗೊಂಡ್ಲು ಕಡೆಯ ಒಂದು ಮನೆಯವರು ಪುಟ್ಟಲಕ್ಷ್ಮಿಯನ್ನು ಒಪ್ಪಿದ್ದರಂತೆ. ಗಂಗಣ್ಣ ಬದುಕಿದ್ದಾಗಲೇ ನೋಡಿಟ್ಟಿದ್ದ ಸಂಬಂಧ. ವೀಳ್ಯಶಾಸ್ತ್ರಕ್ಕೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಗಂಡಿನ ತಂದೆ ರಂಗಪ್ಪನಿಗೆ, ಶಾನುಭೋಗರ ಹತ್ತಿರ ಮಾತಾಡುವಾಗ ಸಾವಿನ ಪುಸ್ತಕದಲ್ಲಿ ಬರೆದದ್ದು ಕಿವಿಗೆ ಬಿದ್ದಿದೆ. ಮೂರ್ಛೆ ರೋಗದ ಮನೆಯಿಂದ ಹೆಣ್ಣು ತರುವುದಿಲ್ಲ ಎಂದುಬಿಟ್ಟಿದ್ದಾನೆ.

"ನೀನು ಅವ್ರ್ ಜೊತೆ ಹಗಲೂ ರಾತ್ರಿ ಇದ್ದೋನು ಕಣಪ್ಪ. ಒಂದ್ಸಲ ಬಂದು ಹೇಳು. ಅಂಥದ್ದೇನೂ ಇರ್ಲಿಲ್ಲ ಅಂತ ಹೇಳಿದ್ರೆ ಸಾಕು. ಇನ್ನೇನೂ ಕೇಳಲ್ಲ ನಿನ್ನ."

ಸತ್ತವನಿಗೆ ರೋಗ ಅಂಟದೇ ಇರಬಹುದು. ಮಗಳಿಗೆ ಅಂಟಿತ್ತು.

ಮುಂದಿನ ರಜಾ ದಿನ ರಂಗಪ್ಪನ ಮನೆಗೆ ಹೋದೆ. ಹೊನ್ನಮ್ಮ ಬೀದಿಬಾಗಿಲ ಹೊರಗೆ ನಿಂತಳು. ರಂಗಪ್ಪ ಕೆಟ್ಟವನಲ್ಲ. ಮಜ್ಜಿಗೆ ಕೊಡಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಗಂಗಣ್ಣನಿಗೆ ಯಾವ ಕಾಯಿಲೆಯೂ ಇರಲಿಲ್ಲ, ಗಟ್ಟಿಮುಟ್ಟಾಗಿದ್ದ ಎಂದೆ. ಗ್ಯಾಸಿನ ವಿಷಯ ಅಲ್ಲೂ ಎತ್ತಲಿಲ್ಲ.

"ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟಿರೋ ಡ್ರೈವರ್ರು ಯಾರು?" ಎಂದು ಕೇಳಿದ.

"ನಾನೇ."

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

ಮಜ್ಜಿಗೆಯ ಲೋಟ ಎತ್ತಿಕೊಂಡೆ. ರಂಗಪ್ಪ ನನ್ನನ್ನೇ ನೋಡುತ್ತಿದ್ದ. ಕಡೆಗೆ, "ನೋಡಪ್ಪಾ, ಹೆಣ್ಣು ನಮಗೆಲ್ಲಾ ಇಷ್ಟವಾಗಿದೆ. ಅವತ್ತಿಂದು ತಪ್ಪು ಅಂತ ನೀನು ಸ್ಟೇಷನ್ನಲ್ಲಿ ತಿದ್ದಿಸ್ಕೊಂಡು ಬಾ. ಶಾನುಭೋಗ್ರೂ ತಿದ್ದಲಿ. ಎಂಟು ದಿನ ಕಾಯ್ತೀನಿ," ಎಂದ. ಒಳಗಿನ ಮಾತು ಹೊನ್ನಮ್ಮನಿಗೆ ಕೇಳಿಸಿರಲಿಲ್ಲ. ಸ್ಟೇಷನ್ನಿನವರು ತಿದ್ದಿಕೊಟ್ಟರೆ ಒಪ್ಪುತ್ತಾರಂತೆ ಎಂದು ಹೊರಗೆ ಬಂದು ಹೇಳಿದಾಗ, ಅವಳು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

ಎಂಟು ದಿನವಿತ್ತು. ಸ್ಟೇಷನ್ನು ನನ್ನ ದಾರಿಯಲ್ಲೇ ಇತ್ತು. ದಿನವೂ ಅದರ ಮುಂದೆ ಲಾರಿ ಓಡಿಸಿದೆ. ಮೂರನೆಯ ದಿನ ಧೈರ್ಯ ಮಾಡಿ ಯಜಮಾನರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರ ಹತ್ತಿರ ಯಾಕೆ ಹೋದೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಬೇಡ ಎನ್ನಿಸಿಕೊಳ್ಳುವುದಕ್ಕೇ ಹೋದೆ.

ಅವರು ಬೇಡ ಎನ್ನಲಿಲ್ಲ. "ಹೋಗು, ತಿದ್ದಿಸು. ಹಂಗೇ ಹಗ್ಗ ಕಟ್ಟಿದ್ದು ಯಾರು ಅಂತ್ಲೂ ಬರ್ಸು. ಅವ್ನು ತಲೆನೋವು ಅಂದಾಗ ನೀನೇನಂದೆ ಅಂತ್ಲೂ ಬರ್ಸು," ಎಂದರು. ತಲೆನೋವಿನ ಮಾತನ್ನು ಅವತ್ತು ಅಳುತ್ತ ನಾನೇ ಅವರ ಮುಂದೆ ಬಾಯಿಬಿಟ್ಟಿದ್ದೆ.

ನನ್ನ ಮಗಳು ಹುಟ್ಟಿ ಹದಿನೈದು ದಿನವಾಗಿತ್ತು. ಅವಳನ್ನು ನೆಪ ಮಾಡಿಕೊಂಡೆ. ಸ್ಟೇಷನ್ನಿಗೆ ಹೋಗಲಿಲ್ಲ.

ಎಂಟನೆಯ ದಿನ ಶಿವಗಂಗೆಯ ದಾರಿಯಲ್ಲಿ ಲಾರಿ ನಿಲ್ಲಿಸಿ ಹೊನ್ನಮ್ಮನ ಮನೆಗೆ ನಡೆದು ಹೋದೆ. ಪುಟ್ಟಲಕ್ಷ್ಮಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದು ನಿಂತಳು. ಅವಳ ಮುಖ ನೋಡಿದ ಮೇಲೆ ಹೋಗಲಿಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ.

"ಹೋಗಿದ್ದೆ ಹೊನ್ನಕ್ಕ," ಎಂದೆ. "ಎರಡ್ಸಲ ಹೋದೆ. ಕೈಮುಗ್ದು ಕೇಳ್ಕೊಂಡೆ. ಒಂದ್ಸಲ ಬರ್ದಿದ್ದು ತಿದ್ದಕ್ಕಾಗಲ್ಲ ಅಂತ ಅಟ್ಟಿಬಿಟ್ರು."

ಪುಟ್ಟಲಕ್ಷ್ಮಿ ಮತ್ತೆ ಕೂತು ಮೊರ ಎತ್ತಿಕೊಂಡಳು. ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀನೇನ್ಮಾಡ್ತೀಯಪ್ಪ, ನಿನ್ ಕೈಲಾದ್ದು ಮಾಡ್ದೆ. ಬಾ, ಉಂಡ್ಕೊಂಡು ಹೋಗು," ಎಂದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಉಂಡೆ. ಎರಡನೆಯ ಸಲ ಬಡಿಸಿದಾಗಲೂ ಬೇಡ ಎನ್ನಲಿಲ್ಲ.

ಪುಟ್ಟಲಕ್ಷ್ಮಿಯನ್ನು ಎರಡು ವರ್ಷದ ಮೇಲೆ ಮಾಗಡಿ ಕಡೆಯ ಒಬ್ಬನಿಗೆ ಕೊಟ್ಟರು. ಎರಡನೆಯ ಸಂಬಂಧ, ಅವನಿಗೆ ಆಗಲೇ ಮೂರು ಮಕ್ಕಳಿದ್ದವು. ಮದುವೆಗೆ ನನ್ನನ್ನೂ ಕರೆದಿದ್ದರು. ಲೋಡಿದೆ ಎಂದು ತಪ್ಪಿಸಿಕೊಂಡೆ.

ಯುದ್ಧ ಮುಗಿದು, ನಿಧಾನವಾಗಿ ಪೆಟ್ರೋಲು ಬಂತು. ಡ್ರಮ್ಮುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಯಜಮಾನರು ಎರಡು ಹೊಸ ಲಾರಿ ತಂದು ಒಂದನ್ನು ನನ್ನ ಕೈಗೆ ಕೊಟ್ಟರು. ನಂಬಿಕಸ್ಥ ಎಂದು ನಾಲ್ಕು ಜನರ ಮುಂದೆ ಹೊಗಳಿದರು. ಅವರ ಮುಖಕ್ಕೆ ಉಗಿಯಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಬೀಗದ ಕೈ ತೆಗೆದುಕೊಂಡೆ.

ಹೊಸ ಲಾರಿಯ ಮೊದಲನೆಯ ವರ್ಷ ದಾಬಸ್‌ಪೇಟೆಯಲ್ಲಿ ಚಹಾಕ್ಕೆಂದು ನಿಲ್ಲಿಸಿದ್ದೆ. ಬೇರೆ ಲಾರಿಗಳ ಡ್ರೈವರುಗಳೂ ಇದ್ದರು. ಬಸ್ಸಿಗೆ ಕಾಯುತ್ತಿದ್ದ ಹೊನ್ನಮ್ಮ ನನ್ನನ್ನು ಕಂಡು ಹತ್ತಿರ ಬಂದಳು. ತುಂಬ ಇಳಿದುಹೋಗಿದ್ದಳು. ನನ್ನ ಮಗುವಿನ ಯೋಗಕ್ಷೇಮ ಕೇಳಿದಳು. ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಮ್ಮೋರು ಸತ್ತಾಗ ಅಷ್ಟು ಜನ ಇದ್ರಲ್ಲ, ನಮಗೋಸ್ಕರ ಸ್ಟೇಷನ್ ಮೆಟ್ಲು ಹತ್ತಿದೋರು ಇವ್ರೊಬ್ರೇ ಕಣ್ರಪ್ಪ."

ಡ್ರೈವರುಗಳು ನನ್ನನ್ನು ಗೌರವದಿಂದ ನೋಡಿದರು. ಒಬ್ಬ ಎದ್ದು ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟ. ನಾನು ಅಲ್ಲಿ ಕೂತೆ.